ಕಕ್ಕಡದ ಪಾಯಸ ಮತ್ತು ಐಎನ್‌ಆರ್

ಮೈಸೂರಿನಲ್ಲಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಕ್ಯಾತ್‌ಲ್ಯಾಬ್‌ನಲ್ಲಿದ್ದಾಗ ನನ್ನದು ಸೆಕೆಂಡುಗಳ ಲೆಕ್ಕ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು ಐದು ನಿಮಿಷಕ್ಕೆ, ರಕ್ತನಾಳಕ್ಕೆ ಹಾಕಿದ ಕೊಳವೆಯಿಂದ (ಶೀತ್) ರಕ್ತ ಎಳೆಯಬೇಕು. ಲೈನಿನಲ್ಲಿ ಉಳಿದ ಹೆಪಾರಿನ್ ಬೆರೆತರೆ ಲೆಕ್ಕವೇ ಸುಳ್ಳು, ಅದಕ್ಕೇ ಮೊದಲ ಕೆಲವು ಎಂಎಲ್ ಚೆಲ್ಲಿ ಉಳಿದದ್ದನ್ನು, ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವ ಎಸಿಟಿ ಯಂತ್ರಕ್ಕೆ ಹಾಕುತ್ತಿದ್ದೆ. "250 ದಾಟಿತು ಸರ್" ಎಂದ ಮೇಲೇ ಡಾಕ್ಟರು ಸ್ಟೆಂಟಿಗೆ ಕೈ ಹಾಕುತ್ತಿದ್ದರು.

ಈಗ ಮಡಿಕೇರಿ ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿದ್ದೇನೆ. ಯಂತ್ರ ಅಂಗೈಯಗಲದ್ದು, ನೋಡುವುದು ಐಎನ್‌ಆರ್: ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಎಂದು ಹೇಳುವ ಅಂಕಿ. ಅದು ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪಿನ ಭಯ. ಬರುವವರು ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲೆಂದು ಅಸಿಟ್ರೋಮ್ ಮಾತ್ರೆ ನುಂಗುವವರು. ಲ್ಯಾಬಿಗೆ ರಕ್ತ ಕೊಟ್ಟು ಕಾಯುವುದು ತಪ್ಪಿ, ತೋಟದ ಕೆಲಸದವರಿಗೆ ಅರ್ಧ ದಿನದ ಕೂಲಿ ಉಳಿಯಿತು.

ಜುಲೈ ಮಳೆಯಲ್ಲಿ ಮಾತ್ರ ಬೆರಳೆಂದರೆ ಐಸು. ಚುಚ್ಚಿದರೆ ಹನಿ ಬರದು. ಹಿಂಡಿದರೆ ಚರ್ಮದಡಿಯ ನೀರು ರಕ್ತಕ್ಕೆ ಬೆರೆತು ಅಂಕಿ ಕೆಡುತ್ತದೆ. ಮೊದಲ ಮಳೆಗಾಲದಲ್ಲಿ ನಾನು ಹಾಳು ಮಾಡಿದ, ಹನಿ ಹಾಕುವ ಸ್ಟ್ರಿಪ್‌ಗೆ (ಪರೀಕ್ಷಾ ಪಟ್ಟಿ) ಲೆಕ್ಕವಿಲ್ಲ. ಅದೇನು ಅಗ್ಗದ ಮಾಲಲ್ಲ. ಈಗ ಬಂದವರ ಕೈಗೆ ಮೊದಲು ಬಿಸಿ ಕಾಫಿ ಲೋಟ. ಆಮೇಲೆ ಕೈ ಒರೆಸಿ, ಕೆಳಗೆ ಇಳಿಬಿಟ್ಟು, ಬೆರಳಿನ ಪಕ್ಕಕ್ಕೆ ಚುಚ್ಚುತ್ತೇನೆ. ಹದಿನೈದು ಸೆಕೆಂಡಿನೊಳಗೆ ಮೊದಲ ಹನಿಯೇ ಸ್ಟ್ರಿಪ್ಪಿಗೆ.

ಒಂದು ವರ್ಷ ಆಗಸ್ಟ್ 5ರಂದು ಒಬ್ಬ ಹೆಂಗಸು ಗಾಬರಿಯಿಂದ ಬಂದರು. ಹೃದಯದ ಎಡಭಾಗದ ಮೈಟ್ರಲ್ ಜಾಗದಲ್ಲಿ ಮೆಕ್ಯಾನಿಕಲ್ (ಕೃತಕ) ಕವಾಟ, ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕಾದವರು. "ಮೂತ್ರದಲ್ಲಿ ರಕ್ತ ಹೋಗ್ತಿದೆ ಅಂತ ಎರಡು ದಿನದಿಂದ ಮಾತ್ರೆ ಬಿಟ್ಟಿದೀನಿ." ಹನಿ ಹಾಕಿದೆ: 1.6. ನಾನು ಆರೇಳು ಬರಬಹುದೆಂದು ಹೆದರಿದ್ದೆ. ಮೂತ್ರ ಪರೀಕ್ಷೆಯಲ್ಲಿ ರಕ್ತವೇ ಇಲ್ಲ.

ಆಗ ಹೊಳೆಯಿತು. ಎರಡು ದಿನ ಹಿಂದೆ ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ತಿಂದವರಿಗೆಲ್ಲ ಮೂತ್ರ ಕೆಂಪು. ಆ ದಿನ ಬೆಳಿಗ್ಗೆ ನಾನೂ ತಿಂದವಳೇ! ಆಕೆ ಮದುವೆಯಾಗಿ ಬೇರೆ ಜಿಲ್ಲೆಯಿಂದ ಬಂದವರು, ಬಣ್ಣದ ಸುದ್ದಿ ಯಾರೂ ಹೇಳಿರಲಿಲ್ಲ.

ಅಸಿಟ್ರೋಮ್ ಬೇಗ ಇಳಿದುಹೋಗುವ ಔಷಧಿ, ಎರಡು ದಿನ ಬಿಟ್ಟರೆ ಸಾಕು, ಐಎನ್‌ಆರ್ ಕುಸಿಯುತ್ತದೆ. ಭಯ ರಕ್ತಸ್ರಾವದ್ದಲ್ಲ, ಕವಾಟದ ಮೇಲೆ ಹೆಪ್ಪುಗಟ್ಟುವುದರದ್ದು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮಾತ್ರೆ ಮತ್ತೆ ಶುರು, ಅಂಕಿ ಏರುವವರೆಗೆ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್.

ಈಗ ಜುಲೈ ಕೊನೆಗೆ ಎಲ್ಲರ ಐಎನ್‌ಆರ್ ಪುಸ್ತಕದಲ್ಲೂ ಬರೆಯುತ್ತೇನೆ: "ಪಾಯಸ ತಿಂದರೆ ಮೂತ್ರ ಕೆಂಪಾಗುತ್ತೆ. ಮಾತ್ರೆ ನಿಲ್ಲಿಸಬೇಡಿ. ಬಂದು ಬೆರಳು ಕೊಡಿ."