ಮೊದಲ ಮೆಸೇಜ್ 15 ನಿಮಿಷದೊಳಗೆ: ಎಲ್ಲರೂ ಬೇಡ ಅಂದಿದ್ದು ಕೊನೆಗೂ ವರ್ಕ್ ಆಯ್ತು

ನ್ಯೂಕ್ಲಿಯರ್ ಪ್ಲಾಂಟಲ್ಲಿ ಎಮರ್ಜೆನ್ಸಿ ಡ್ರಿಲ್ ಮಾಡ್ಸೋರಿಗೆಲ್ಲ ಗೊತ್ತಿರೋದೇ, ಕಂಟ್ರೋಲ್ ರೂಮಲ್ಲಿ ಎಲ್ಲಾ ಸರಾಗವಾಗಿ ನಡೆಯುತ್ತೆ, ಹೊರಗಿನ ಜನಕ್ಕೆ ಏನು ಹೇಳೋದು ಅಂದ ತಕ್ಷಣ ಒಬ್ಬರ ಮುಖ ಒಬ್ಬರು ನೋಡ್ತಾರೆ. ರೇಡಿಯೇಷನ್ ರೀಡಿಂಗ್ ಬರ್ಲಿ, ಮೇಲಿನವರು ಸಹಿ ಹಾಕ್ಲಿ ಅಂತ ಕಾದು ಕಾದು ನಮ್ಮ ಮೊದಲ ಪ್ರಕಟಣೆ ಹೊರಡೋಕೆ ಹೆಚ್ಚುಕಮ್ಮಿ ಒಂದೂವರೆ ಗಂಟೆ ಹಿಡಿತಿತ್ತು. ಅಷ್ಟರಲ್ಲಿ ವಾಟ್ಸಾಪಲ್ಲಿ ಕಥೆ ಕಟ್ಟಿ ಮುಗಿಸಿರ್ತಾರೆ. ಪೂರ್ತಿ ವಿಷಯ ಗೊತ್ತಿಲ್ದಿದ್ರೂ 15 ನಿಮಿಷದೊಳಗೆ ಒಂದು ಮೆಸೇಜ್ ಹೋಗ್ಲೇಬೇಕು ಅಂತ ನಾನಂದಾಗ ಹೆಲ್ತ್ ಫಿಸಿಕ್ಸ್‌ನೋರು, ಅಂದ್ರೆ ರೇಡಿಯೇಷನ್ ಸುರಕ್ಷತೆ ನೋಡ್ಕೊಳ್ಳೋರು, ನಕ್ರು, ಲೀಗಲ್‌ನೋರು ರೇಗಿದ್ರು.

ದುಡ್ಡು ಹೋಗಿದ್ದು ಮಾತ್ರ ಬೇರೆ ಕಡೆ. ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಬಲ್ಕ್ ಎಸ್ಸೆಮ್ಮೆಸ್ ಸಾಫ್ಟ್‌ವೇರಿಗೆ ಸುರಿದ್ರು, ಡ್ರಿಲ್ ದಿನ ಕ್ಯೂ ನಿಂತು ಕೆಲವರಿಗೆ ಮೆಸೇಜ್ ಸಂಜೆ ಬಂತು. ಎಸ್ಸೆಮ್ಮೆಸ್ ಒಂದೊಂದು ನಂಬರಿಗೂ ಬೇರೆ ಬೇರೆ ಹೋಗ್ಬೇಕಲ್ಲ, ಸೆಲ್ ಬ್ರಾಡ್‌ಕಾಸ್ಟ್ ಆದ್ರೆ ಟವರ್ ವ್ಯಾಪ್ತಿಲಿರೋ ಫೋನಿಗೆಲ್ಲ ಒಟ್ಟಿಗೇ ಹೋಗುತ್ತೆ. ಆಮೇಲೆ ಗ್ಲಾಸಿ ಬುಕ್‌ಲೆಟ್, ಅದನ್ನ ಯಾರೂ ಓದ್ಲಿಲ್ಲ. ಸೈರನ್ ಪರವಾಗಿಲ್ಲ, ಆದ್ರೆ ಕಿಟಕಿ ಮುಚ್ಚಿದ್ರೆ ಒಳಗೆ ಸರಿಯಾಗಿ ಕೇಳ್ಸಲ್ಲ, ಕೇಳಿದ್ರೂ ಮುಂದೇನು ಮಾಡ್ಬೇಕು ಅಂತ ಅದು ಹೇಳಲ್ಲ.

ನನ್ನ ಮೆಸೇಜ್ ಮೂರೇ ಸಾಲು. ಈಗ ಏನು ಗೊತ್ತು, ನೀವೇನು ಮಾಡ್ಬೇಕು, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಖಾಲಿ ಜಾಗ ಬಿಟ್ಟು ಮೊದಲೇ ಅಪ್ರೂವ್ ಮಾಡ್ಸಿಟ್ಕೊಂಡ ಟೆಂಪ್ಲೇಟ್‌ಗಳು. ಲೀಗಲ್‌ನೋರ ಸಹಿ ಹೆಂಗೆ ತಗೊಂಡೆ ಅನ್ನೋದು ಮಾತ್ರ ನನ್ ಹತ್ರಾನೇ ಇರ್ಲಿ. ತಪ್ಪು ಅಲರ್ಟ್ ವಾಪಸ್ ತಗೊಳ್ಳೋ ಟೆಂಪ್ಲೇಟ್ ಕೂಡ ಮಾಡಿಟ್ಕೊಳ್ಳಿ, ಬಹಳ ಕಡೆ ಇದೇ ಇರಲ್ಲ. 2020ರ ಜನವರಿಲಿ ಕೆನಡಾದ ಪಿಕರಿಂಗ್ ಪ್ಲಾಂಟ್ ಬಗ್ಗೆ ಒಂಟಾರಿಯೋದಲ್ಲೆಲ್ಲ ಬೆಳಬೆಳಗ್ಗೆ ಸುಳ್ಳು ಅಲರ್ಟ್ ಹೋಗಿ, ಅದು ತಪ್ಪು ಅಂತ ಎರಡನೇ ಅಲರ್ಟ್ ಫೋನಿಗೆ ಬರೋಕೆ ಹತ್ತಿರ ಹತ್ತಿರ ಎರಡು ಗಂಟೆ ಆಯ್ತು. ಲೀಗಲ್ ಮೀಟಿಂಗಲ್ಲಿ ನಾನು ಇದನ್ನೇ ಮುಂದಿಟ್ಟಿದ್ದು.

ಮಧ್ಯೆ ಒಂದು ಪ್ರಯೋಗ. ಮೈಗೆ ಎಷ್ಟು ರೇಡಿಯೇಷನ್ ತಗುಲುತ್ತೆ ಅನ್ನೋ ಡೋಸ್ ಹೇಳುವಾಗ ಎಕ್ಸ್‌ರೇಗೆ ಹೋಲಿಸಿದ್ರೆ ಜನ ಸಮಾಧಾನ ಆಗ್ತಾರೆ ಅಂತ ನಮ್ಮೋರ ನಂಬಿಕೆ. ಸಿಬ್ಬಂದಿ ಮನೆಯೋರ ಮೇಲೇ ಟ್ರೈ ಮಾಡಿದ್ವಿ, ಉರಿದುಬಿದ್ರು. ಎಕ್ಸ್‌ರೇ ನಾವು ಒಪ್ಪಿ ತೆಗೆಸ್ಕೊಳ್ಳೋದು, ಇದನ್ನ ಯಾರು ಕೇಳಿದ್ರು ಅಂತ. ಅದನ್ನ ಕೈಬಿಟ್ಟು ಡೋಸ್ ಹೇಳಿದ್ದು ಮೈಕ್ರೋಸೀವರ್ಟಲ್ಲಾ ಮಿಲಿಸೀವರ್ಟಲ್ಲಾ ಅನ್ನೋ ಗೊಂದಲ ಬರದ ಹಾಗೆ ಎಲ್ಲ ಕಡೆ ಒಂದೇ ಯೂನಿಟ್ ಇಟ್ಟಿದ್ದೀವಿ. ರೇಡಿಯೇಷನ್ ಎಮರ್ಜೆನ್ಸಿಗೆ ಅಂತ ಕೊಡೋ ಅಯೋಡಿನ್ ಮಾತ್ರೆಗೂ ಮೆಸೇಜಲ್ಲಿ ಬೇರೆ ಸಾಲು ಬೇಕು: ಹೇಳೋವರೆಗೂ ನುಂಗ್ಬೇಡಿ, ಅದು ಕಾಪಾಡೋದು ಥೈರಾಯ್ಡ್ ಒಂದನ್ನೇ.

ಇಷ್ಟೆಲ್ಲಾ ಆದ್ಮೇಲೆ ಒಂದು ರಾತ್ರಿ ಪ್ಲಾಂಟಲ್ಲಿ ಒತ್ತಡ ಜಾಸ್ತಿಯಾದ್ರೆ ಹಬೆ ಹೊರಗೆ ಬಿಡೋ ಸ್ಟೀಮ್ ರಿಲೀಫ್ ವಾಲ್ವ್ ಓಪನ್ ಆಯ್ತು. ಆ ಶಬ್ದ ಕೇಳಿದೋರಿಗೆ ಗೊತ್ತು, ಮೈಲಿ ದೂರದೋರೂ ಎದ್ದು ಕೂರ್ತಾರೆ. ಹತ್ತು ಹನ್ನೆರಡು ನಿಮಿಷದಲ್ಲಿ ನಮ್ಮ ಮೆಸೇಜ್ ಹೋಯ್ತು: ಶಬ್ದ ಸ್ಟೀಮ್ ವಾಲ್ವಿಂದು, ರೇಡಿಯೇಷನ್ ಮಾನಿಟರ್‌ಗಳ ರೀಡಿಂಗ್ ಎಂದಿನಂತೇ ಇದೆ, ಮನೆ ಬಿಟ್ಟು ಹೋಗೋದು ಬೇಡ, ಮುಂದಿನ ಮಾಹಿತಿ ಅರ್ಧ ಗಂಟೆಗೆ. ಅರ್ಧ ಗಂಟೆಗೆ ಹೊಸದೇನೂ ಇರ್ಲಿಲ್ಲ, ಆದ್ರೂ ಹೊಸದೇನಿಲ್ಲ ಅಂತಾನೇ ಸರಿಯಾದ ಟೈಮಿಗೆ ಕಳ್ಸಿದ್ವಿ, ಅಲ್ಲಿಗೆ ಫೋನ್ ಕಾಲ್‌ಗಳು ಸರ್ರನೆ ಇಳಿದ್ವು. ನಕ್ಕಿದ್ದೋರೇ ಮಾರನೇ ವಾರ ಟೆಂಪ್ಲೇಟ್ ಕೇಳ್ಕೊಂಡು ಬಂದ್ರು, ಹೇಳ್ಕೊಳ್ಳೋಕೆ ಖುಷಿನೇ.

ಈಗ ತಲೇಲಿರೋದು ಮೈಗೆ ರೇಡಿಯೇಷನ್ ಅಂಟಿದ್ಯಾ ಅಂತ ಚೆಕ್ ಮಾಡಿಸ್ಕೊಳ್ಳೋಕೆ ಬರೋ ಜನರ ಕ್ಯೂ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾ ಊರಲ್ಲಿ ಸೀಸಿಯಂ ಅನ್ನೋ ವಿಕಿರಣ ವಸ್ತು ಸೋರಿದಾಗ ಸುಮಾರು 1,12,000 ಜನರನ್ನ ಪರೀಕ್ಷೆ ಮಾಡಿದ್ರು, ಮಾಲಿನ್ಯ ಸಿಕ್ಕಿದ್ದು 249 ಜನರಲ್ಲಿ. ಮುಂದಿನ ಡ್ರಿಲ್ಲಲ್ಲಿ ಏನೂ ಆಗದೇ ಇದ್ರೂ ಹೆದರಿ ಬರೋ ಜನರ ಪಾರ್ಟೇ ಹೆಚ್ಚು ಇಡ್ಸಿದ್ದೀನಿ, ನರ್ಸ್‌ಗಳು ಈಗ್ಲೇ ಗೊಣಗ್ತಿದ್ದಾರೆ.