ಚೌಕಿಯಲ್ಲಿ ಕಳೆದುಕೊಂಡ ಒಂದು ಟೇಪು

ಸಾಕ್ಷ್ಯಚಿತ್ರದ ಕೆಲಸಕ್ಕೆ ಇಳಿದಾಗ ನನ್ನ ಬಳಿ ಇದ್ದದ್ದು ಬಾಡಿಗೆಯ ಮಿನಿ ಡಿವಿ ಕ್ಯಾಮೆರಾ. ಒಂದು ಟೇಪಿನಲ್ಲಿ 60 ನಿಮಿಷ ಹಿಡಿಯುತ್ತಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಲು ಮತ್ತೆ ಅಷ್ಟೇ ಹೊತ್ತು ಕಾಯಬೇಕಿತ್ತು. ಆಗ ಶಿಕ್ಷೆಯೆನಿಸಿದ ಆ ಕಾಯುವಿಕೆಯಲ್ಲೇ, ಚಿತ್ರೀಕರಣದ ಗಡಿಬಿಡಿಯಲ್ಲಿ ತಪ್ಪಿಹೋದ ಮಾತುಗಳು ನನಗೆ ಕೇಳಿಸತೊಡಗಿದವು. ಇಂದಿಗೂ ಎಲ್ಲವನ್ನೂ ಒಮ್ಮೆ ಪೂರ್ತಿ ನೋಡಿ ಟಿಪ್ಪಣಿ ಬರೆದುಕೊಳ್ಳದೆ ಸಂಕಲನಕ್ಕೆ ಕೈಹಾಕುವುದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಕೋಣೆಯಲ್ಲಿ. ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವ ಹಿರಿಯರೊಬ್ಬರು ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಇಡುತ್ತ, ಕನ್ನಡಿಯಿಂದ ಕಣ್ಣು ಕೀಳದೆ, ತಾವು ವೇಷ ಕಲಿತ ಬಗೆಯನ್ನು ಹೇಳಿದ್ದರು. ಮರುದಿನ, ಚೀಟಿ ಅಂಟಿಸದೆ, ಮೇಲೆ ಮತ್ತೆ ರೆಕಾರ್ಡ್ ಆಗದಂತೆ ತಡೆಯುವ ಅಂಚಿನ ಪುಟ್ಟ ಗುಂಡಿಯನ್ನು ಸರಿಸದೆ ಬಿಟ್ಟಿದ್ದ ಅದೇ ಟೇಪಿನ ಮೇಲೆ ನಾನು ಊರಿನ ದೇವಸ್ಥಾನವನ್ನು ಚಿತ್ರೀಕರಿಸಿಬಿಟ್ಟೆ. ಮತ್ತೆ ಹೋಗಿ ಕೇಳಿದಾಗ ಅವರು, "ಮೊನ್ನೆಯೇ ಹೇಳಿದೆನಲ್ಲ ಮಾರಾಯ್ರೆ" ಎಂದು ನಕ್ಕು ಎರಡೇ ಮಾತಿನಲ್ಲಿ ಮುಗಿಸಿದರು. ಈಗ ಎಲ್ಲದಕ್ಕೂ ಮೂರು ಪ್ರತಿ ಇಡುತ್ತೇನೆ. ಅದರಲ್ಲಿ ಒಂದು ಬೇರೆ ಊರಿನಲ್ಲಿರುತ್ತದೆ.

2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ನಮ್ಮಂಥವರಿಗೂ ಸಿನಿಮಾದಂಥ ಚಿತ್ರವನ್ನು ಕೊಟ್ಟಿತಾದರೂ ಸುಮಾರು 12 ನಿಮಿಷಕ್ಕೆ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತಿತ್ತು. ರಾತ್ರಿಯಿಡೀ ನಡೆಯುವ ಆಟಕ್ಕೆ ಅದು ಸಾಲದು. ಹಾಗಾಗಿ ಧ್ವನಿಗೆ ಪ್ರತ್ಯೇಕ ರೆಕಾರ್ಡರ್ ಇಟ್ಟು, ಅದನ್ನು ನಿಲ್ಲಿಸದೆ ಓಡಿಸುವುದನ್ನು ರೂಢಿಸಿಕೊಂಡೆ. ಭಾಗವತರ ದನಿಗೆ ರೆಕಾರ್ಡಿಂಗ್ ಮಟ್ಟ ಹೊಂದಿಸಿಟ್ಟರೆ ಚೆಂಡೆಯ ಮೊದಲ ಪೆಟ್ಟಿಗೇ ಧ್ವನಿ ಒಡೆದುಹೋಗುತ್ತದೆ, ಒಡೆದದ್ದನ್ನು ಸರಿಪಡಿಸಲು ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ಆಗದು. ಆದ್ದರಿಂದ ಆಟಕ್ಕೆ ಮೊದಲೇ ಚೆಂಡೆಯವರನ್ನು ಜೋರಾಗಿ ಬಾರಿಸಲು ಕೇಳಿಕೊಳ್ಳುತ್ತೇನೆ. ಟ್ಯೂಬ್‌ಲೈಟಿನ ಮಿನುಗು ಬಾರದಂತೆ ಕ್ಯಾಮೆರಾದ ಶಟರನ್ನು 1/50 ಸೆಕೆಂಡಿಗೆ ಇಡುವುದು ಇದರ ಮುಂದೆ ಸಣ್ಣ ಸಂಗತಿ.

ಹೊಟ್ಟೆ ತುಂಬಿಸುವುದು ಸಾಕ್ಷ್ಯಚಿತ್ರವಲ್ಲ, ಸಂಸ್ಥೆಗಳಿಗೆ ಮಾಡಿಕೊಡುವ ಕಿರು ವಿಡಿಯೊಗಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಫೋನಿಗೆಂದು ಮಾಡುವ ಕೆಲಸವನ್ನು ಕೀಳೆಂದು ನಾನು ಭಾವಿಸಿದ್ದು ತಪ್ಪು. 52 ನಿಮಿಷದ ಚಿತ್ರವನ್ನು 3 ನಿಮಿಷಕ್ಕೆ ಕತ್ತರಿಸಿದರೆ ಅದು ಜಾಹೀರಾತಿನಂತಾಗುತ್ತದೆ; ಅದಕ್ಕೆ ಬೇರೆಯೇ ಕಥೆ ಬೇಕು. ಫೋನಿನ ನೀಟವಾಗಿ ನಿಂತ ಚೌಕಟ್ಟಿನಲ್ಲಿ ಕಿರೀಟ ಚೆನ್ನಾಗಿ ಕೂರುತ್ತದೆ, ಎದುರುಬದುರು ನಿಂತು ವಾದಿಸುವ ಇಬ್ಬರು ಕೂರುವುದಿಲ್ಲ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮದ್ದಳೆಯ ತಗ್ಗು ನಾದ ಮಾಯವಾಗಿ ಚೆಂಡೆಯೊಂದೇ ಕೇಳುವುದರಿಂದ, ಕೊನೆಯ ಧ್ವನಿ ಮಿಶ್ರಣವನ್ನು ಒಂದು ಹಳೆಯ ಫೋನಿನಲ್ಲಿ ಕೇಳಿಯೇ ಒಪ್ಪಿಸುತ್ತೇನೆ.

ನನ್ನ ತಪ್ಪಿನಿಂದ ಅಳಿದ ಆ ಟೇಪಿನ ಕೊನೆಯಲ್ಲಿ, ದೇವಸ್ಥಾನದ ಚಿತ್ರೀಕರಣ ನಿಂತ ಮೇಲೆ, ನಾಲ್ಕು ನಿಮಿಷ ಉಳಿದುಕೊಂಡಿತ್ತು. ಕಲಿತ ಬಗೆಯ ಮಾತು ಅದರಲ್ಲಿಲ್ಲ. ವೇಷ ಮುಗಿದಿದೆ, ಹಿಂದೆ ನಿಂತ ಹುಡುಗ ಕಿರೀಟದ ಹಗ್ಗ ಎಳೆಯುತ್ತಿದ್ದಾನೆ, ಅವರು ಕಣ್ಣು ಮುಚ್ಚಿಕೊಂಡೇ "ಇನ್ನೂ ಸ್ವಲ್ಪ ಬಿಗಿ ಮಾಡು ಮಾರಾಯ" ಎನ್ನುತ್ತಾರೆ. ಅವರ ಕುರಿತು ಫೋನಿಗೆಂದು ಮಾಡಿದ ವಿಡಿಯೊ ಅಲ್ಲಿಂದಲೇ ಶುರುವಾಗುತ್ತದೆ.