ಮಾಗಿ ಕಳೆದ ಕಾಡಿನಲ್ಲಿ ಮೇವಿನ ಗುರುತು ಹಿಡಿಯುವುದು ಹೇಗೆ

ಬಂಡೀಪುರ, ನಾಗರಹೊಳೆಯಲ್ಲಿ ಮೇವಿಗೆ ಕಷ್ಟ ಶುರುವಾಗುವುದು ಮಾಗಿಯ ಕೊನೆಗೆ. ಹಿಂಗಾರು ನಿಂತು ಹುಲ್ಲು ಒಣಗಿರುತ್ತದೆ, ಜನವರಿ ಹೊತ್ತಿಗೆ ಮರಗಳೂ ಎಲೆ ಉದುರಿಸತೊಡಗುತ್ತವೆ. ಯಾವ ಪ್ರಾಣಿ ಏನು ತಿಂದು ದಿನ ದೂಡುತ್ತಿದೆ ಎಂದು ತಿಳಿಯಲು ಅದು ಬಿಟ್ಟುಹೋದ ಎಂಜಲು ನೋಡಿ. ಸಫಾರಿಯಲ್ಲಾದರೆ ಗಾಡಿಯಿಂದ ಇಳಿಯದೆ ದುರ್ಬೀನು ಸಾಕು. ನಡೆಯುವುದಿದ್ದರೆ ಇಲಾಖೆಯ ಅನುಮತಿ ಬೇಕು, ಜೊತೆಗೆ ಕಾಡು ಕಾಯುವ ವಾಚರ್ ಇರಲೇಬೇಕು.

ಮೊದಲು ದಾರಿಬದಿಯ ಹುಲ್ಲು. ಮಳೆಗಾಲದಲ್ಲಿ ಆನೆಗೆ ಎಳೆ ಗರಿಯೇ ರುಚಿ. ಒಣಗಿದ ಮೇಲೆ ಗರಿ ಒರಟು, ಮರಳಿನಂಥ ಸಿಲಿಕಾ ತುಂಬಿರುತ್ತದೆ. ಆಗ ಅದು ಹುಲ್ಲನ್ನು ಬೇರುಸಮೇತ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ, ರಸವಿರುವ ಬುಡ ಮಾತ್ರ ತಿಂದು ಗರಿಯನ್ನು ಬಿಸಾಡುತ್ತದೆ. ಬುಡವಿಲ್ಲದ ಗರಿಯ ಕಂತೆ ಬಿದ್ದಿದ್ದರೆ ಅದು ಆನೆಯ ಕೆಲಸ.

ಆಮೇಲೆ ತಡಸಲು, ಬೆಂಡೆಮರಗಳ ಕಾಂಡ. ಆನೆ ದಂತದಿಂದ ಮೀಟಿ ಸೊಂಡಿಲಲ್ಲಿ ಎಳೆದಾಗ ತೊಗಟೆ ಪಟ್ಟಿಯಾಗಿ ಸುಲಿದು, ಮೇಲೆ ಹೋದಂತೆ ಕಿರಿದಾಗುತ್ತದೆ. ಕೊಡಲಿ ಏಟಿನ ಅಂಚು ಹೀಗಿರುವುದಿಲ್ಲ. ಅನುಮಾನವಿದ್ದರೆ ಒಣಗಿದ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ: ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆ ಬರುವುದರಿಂದ ತೊಗಟೆಯ ನಾರು ಹಾಗೇ ಸಿಗುತ್ತದೆ.

ಹೆಚ್ಚಿನವರು ಎಡವುವುದು ಸಣ್ಣ ರೆಂಬೆಗಳಲ್ಲಿ. ಜಿಂಕೆ, ಕಡವೆಗಳಿಗೆ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ, ಗಟ್ಟಿ ವಸಡಷ್ಟೇ. ಹಾಗಾಗಿ ಅವು ಕತ್ತರಿಸುವುದಿಲ್ಲ, ಹಿಡಿದು ಎಳೆಯುತ್ತವೆ, ತುದಿ ಸಿಬಿರೆದ್ದಿರುತ್ತದೆ. ನೆಲದಿಂದ ಅಡಿಯೊಳಗೆ, ಚಾಕುವಿನಲ್ಲಿ ಓರೆಯಾಗಿ ಕೊಯ್ದಂತಿದ್ದರೆ ಮೊಲ. ಇನ್ನು, ಮರದಡಿ ಹಸಿ ಚಿಗುರು ಚೆಲ್ಲಾಪಿಲ್ಲಿಯಾಗಿದ್ದರೆ ತಲೆ ಎತ್ತಿ: ಮುಸುವ ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು, ಆ ಉದುರಿದ್ದಕ್ಕೇ ಜಿಂಕೆ ಕಾದಿರುತ್ತದೆ.

ನೆಲ್ಲಿಕಾಯಿ ಕಾಲದಲ್ಲಿ ಹಿಕ್ಕೆ ಕೆದಕಿ ಗೊರಟು ಹುಡುಕುವುದು ದಂಡ. ಜಿಂಕೆ ಕಾಯಿ ನುಂಗಿ, ಮೆಲುಕು ಹಾಕುವಾಗ ಗೊರಟನ್ನು ಉಗುಳುತ್ತದೆ. ಅದು ಮಲಗೆದ್ದ ನೆರಳಿನ ಜಾಗ ನೋಡಿ. ಏಣೇಣಾದ ಗೊರಟುಗಳು ಅಲ್ಲೇ ಬಿದ್ದಿರುತ್ತವೆ.

ಲಂಟಾನದ ಹಸಿರು ಕಂಡು ಮೇವಿದೆಯೆಂದು ಬರೆದುಕೊಳ್ಳಬೇಡಿ. ಅದರ ಎಲೆ ವಿಷ, ಸಾಮಾನ್ಯವಾಗಿ ಯಾವುದೂ ಮುಟ್ಟದು. ಅದು ಹಬ್ಬಿದಲ್ಲಿ ಹುಲ್ಲೂ ಏಳದು.

ಕೊನೆಗೆ ಮರದ ಗಾಯದ ಬಣ್ಣ. ಸುಲಿದ ಜಾಗ ಕಂದಾಗಿ ಒಣಗಿದ್ದರೆ ಹಳೆಯದು, ನಿಧಾನವಾಗಿ ನೋಡಬಹುದು. ಬೆಳ್ಳಗೆ ತೇವವಿದ್ದರೆ ಆನೆ ಇಲ್ಲೇ ಎಲ್ಲೋ ಇದೆ. ಫೋಟೊಗೆಂದು ನಿಲ್ಲದೆ, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿ.